ಒಂದು ತೊಟ್ಟಿಲಿಗೆ ತಲೆಗೆ ಮೂರು ರೂಪಾಯಿ

ನಾಲ್ಕು ಜನ ದುಡಿಯುವ ಒಂದು ಬೇಕರಿ. ಅವರಲ್ಲಿ ಒಬ್ಬಾಕೆ ಹೆರಿಗೆ ರಜೆಗೆ ಹೋದಳೆನ್ನಿ, ಒಂದೇ ಏಟಿಗೆ ಶೇ. 25ರಷ್ಟು ಸಿಬ್ಬಂದಿ ಕಡಿಮೆ! ಈಗ ಜಗತ್ತಿನಾದ್ಯಂತ ಸುಮಾರು 2,28,000 ನೌಕರರನ್ನು ಇಟ್ಟುಕೊಂಡಿರುವ ಮೈಕ್ರೋಸಾಫ್ಟ್ ಕಡೆ ನೋಡಿ. ಆ ಬೇಕರಿಗೆ ತಟ್ಟಿದ ಬಿಸಿ ಈ ದೈತ್ಯ ಕಂಪನಿಗೂ ಅಷ್ಟೇ ತಟ್ಟಬೇಕಾದರೆ ಒಂದೇ ಬೆಳಗ್ಗೆ 57,000 ಮಂದಿ ರಜೆ ಹಾಕಿ ಮನೆಗೆ ಹೋಗಬೇಕು. ಅಷ್ಟೂ ಜನರನ್ನು ನಮ್ಮ ಕೆಂಪು ಬಸ್ಸುಗಳಲ್ಲಿ 50 ಜನರಂತೆ ಕೂರಿಸಿದರೆ 1,140 ಬಸ್ಸು ಬೇಕು. ಬಸ್ಸಿಗೆ 12 ಮೀಟರ್ ಹಿಡಿದು ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು 13 ಕಿಲೋಮೀಟರ್ ದಾಟುತ್ತದೆ. ಬೇಕರಿಯಲ್ಲಿ ಇಷ್ಟು ದೊಡ್ಡ ಕೊರತೆಯನ್ನು ಉಂಟುಮಾಡಲು ಒಂದೇ ಒಂದು ಕೂಸು ಸಾಕು.

ಆ ಬೇಕರಿ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿದೆ ಎಂದಿಟ್ಟುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬರು ಹಿಟ್ಟು ನಾದಬೇಕು, ಇನ್ನೊಬ್ಬರು ಓವನ್ ಮುಂದೆ ನಿಲ್ಲಬೇಕು, ಮೂರನೆಯವರು ಕೇಕಿಗೆ ಕ್ರೀಮ್ ಹಚ್ಚಬೇಕು, ನಾಲ್ಕನೆಯವರು ಏಳು ಗಂಟೆಗೆ ಷಟರ್ ಎತ್ತಿ ಗಲ್ಲಾದಲ್ಲಿ ಕೂರಬೇಕು. ಹಿಟ್ಟು ನಾದುವಾಕೆ 12 ವಾರ ಬರುವುದಿಲ್ಲ. ವಾರಕ್ಕೆ 40 ಗಂಟೆಯಂತೆ ಅದು 480 ಗಂಟೆ. ಗಂಟೆಗೆ ಬರೀ 60 ಬನ್ ಎಂದರೂ 28,800 ಬನ್ನುಗಳ ಕೆಲಸ ಉಳಿದ ಮೂವರ ಹೆಗಲಿಗೆ! 2025ರಲ್ಲಿ ವಾಷಿಂಗ್ಟನ್ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.66 ಡಾಲರ್. ಬದಲಿ ಆಳನ್ನು ಇಟ್ಟರೆ 480 ಗಂಟೆಗೆ 7,997 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 6 ಲಕ್ಷ 80 ಸಾವಿರ ರೂಪಾಯಿ.

ಹಾಗಾದರೆ ಬೇಕರಿಯ ಮಾಲೀಕ ರಜೆಯಲ್ಲಿರುವವಳಿಗೂ ಸಂಬಳ ಕೊಟ್ಟು, ಬದಲಿಗೆ ಬಂದವನಿಗೂ ಕೊಡಬೇಕೆ? ಇಲ್ಲ! ವಾಷಿಂಗ್ಟನ್ ರಾಜ್ಯ 2017ರಲ್ಲಿ ಕಾಯ್ದೆ ಮಾಡಿ, 2019ರಿಂದ ವಂತಿಗೆ ಕೂಡಿಸಿ, 2020ರ ಜನವರಿಯಿಂದ ರಜೆಯ ಹಣವನ್ನು ಸಾರ್ವಜನಿಕ ನಿಧಿಯಿಂದಲೇ ಕೊಡುತ್ತಿದೆ. ಮಗು ಹುಟ್ಟಿದರೆ, ದತ್ತು ಬಂದರೆ, ಮನೆಯಲ್ಲಿ ಯಾರಿಗಾದರೂ ಗಂಭೀರ ಕಾಯಿಲೆಯಾದರೆ 12 ವಾರ. ತನ್ನದೇ ಆರೋಗ್ಯದ ರಜೆಯೂ ಕೂಡಿಕೊಂಡರೆ 16 ವಾರ. ಬಸಿರಿನಲ್ಲಿ ತೊಂದರೆಯಾದರೆ 18 ವಾರ. 2025ರಲ್ಲಿ ಗರಿಷ್ಠ ಮೊತ್ತ ವಾರಕ್ಕೆ 1,542 ಡಾಲರ್. 12 ವಾರಕ್ಕೆ 18,504 ಡಾಲರ್, ನಮ್ಮ ಲೆಕ್ಕದಲ್ಲಿ 15 ಲಕ್ಷ 70 ಸಾವಿರ ರೂಪಾಯಿಗೂ ಮೇಲೆ. ಇದರಲ್ಲಿ ಮಾಲೀಕನ ಜೇಬಿನಿಂದ ನೇರವಾಗಿ ಹೋಗುವುದು ಸೊನ್ನೆ. 50ಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗೆ ಮಾಲೀಕರ ಪಾಲಿನ ವಂತಿಗೆಯೂ ಇಲ್ಲ!

ಇಷ್ಟರ ಮೇಲೆ ಅನುದಾನ ಬೇರೆ. ಕಾಯ್ದೆ ಜಾರಿಗೆ ಬಂದಾಗಿನ ನಿಯಮದಂತೆ 150 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ, ಬದಲಿ ಆಳನ್ನು ಇಟ್ಟರೆ 3,000 ಡಾಲರ್‌ವರೆಗೆ. ಬದಲಿ ಇಡದೆ ಇದ್ದವರಿಗೇ ಹೆಚ್ಚುವರಿ ಕೂಲಿ ಕೊಟ್ಟರೆ 1,000 ಡಾಲರ್‌ವರೆಗೆ. ವರ್ಷಕ್ಕೆ 10 ಸಲ ಕೇಳಬಹುದು. ಅಂದರೆ ಒಂದೇ ವರ್ಷದಲ್ಲಿ 30,000 ಡಾಲರ್, 25 ಲಕ್ಷ ರೂಪಾಯಿಗೂ ಹೆಚ್ಚು! ಒಂದು ಅನುದಾನದಿಂದ ಕನಿಷ್ಠ ಕೂಲಿಯ 180 ಗಂಟೆ ದಾಟುತ್ತದೆ. ನಾಲ್ಕೂವರೆ ವಾರ, 10,800 ಬನ್.

ಈ ನಿಧಿಗೆ ಕನ್ನಡಿಗರ ದುಡ್ಡೂ ಬೀಳುತ್ತಿದೆ. ಸಿಯಾಟಲ್, ರೆಡ್ಮಂಡ್, ಬೆಲ್‌ವ್ಯೂ ಕಡೆ ದುಡಿಯುವ ನಮ್ಮ ಎಂಜಿನಿಯರುಗಳ ಸಂಬಳದ ಚೀಟಿಯಲ್ಲಿ ಈ ವಂತಿಗೆಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. 2025ರಲ್ಲಿ ಒಟ್ಟು ದರ ಸಂಬಳದ ಶೇ. 0.92. ಅದರಲ್ಲಿ ನೌಕರನ ಪಾಲು ಶೇ. 71.52. ಲೆಕ್ಕಕ್ಕೆ ಬರುವ ಸಂಬಳದ ಮಿತಿ ವರ್ಷಕ್ಕೆ 1,76,100 ಡಾಲರ್. ಆ ಮಿತಿ ಮುಟ್ಟಿದ ಎಂಜಿನಿಯರು ಕೊಡುವುದು ವರ್ಷಕ್ಕೆ ಸುಮಾರು 1,159 ಡಾಲರ್. ಇಂಥ ಮೂವರು ಸೇರಿದರೆ 3,477 ಡಾಲರ್ ಆಯಿತು. ಟಕೋಮಾದ ಬೇಕರಿಗೆ ಒಂದು ಪೂರ್ತಿ ಅನುದಾನ ಕೊಟ್ಟು ಮೇಲೆ 477 ಡಾಲರ್ ಉಳಿಯಿತು! ಹಾಸನದವರೋ ಹುಬ್ಬಳ್ಳಿಯವರೋ ಆದ ಮೂವರ ವಂತಿಗೆಯಲ್ಲಿ, ಅವರು ಎಂದೂ ಕಂಡಿರದ ಬೇಕರಿಯೊಂದರ ಓವನ್ ಉರಿಯುತ್ತಿರುತ್ತದೆ.

ಇಲ್ಲೊಂದು ಚುರುಕು ಲೆಕ್ಕವಿದೆ. 50ಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಅನುದಾನ ಪಡೆದರೆ, ತನಗೆ ಮನ್ನಾ ಆಗಿದ್ದ ಮಾಲೀಕರ ವಂತಿಗೆಯನ್ನು ಮೂರು ವರ್ಷ ಕಟ್ಟಬೇಕು. ತಲಾ 50,000 ಡಾಲರ್ ವಾರ್ಷಿಕ ಸಂಬಳದ 10 ಜನರಿದ್ದಾರೆನ್ನಿ, ಒಟ್ಟು 5 ಲಕ್ಷ ಡಾಲರ್. 2025ರ ದರದಲ್ಲಿ ಮಾಲೀಕರ ಪಾಲು ವರ್ಷಕ್ಕೆ 1,310, ಮೂರು ವರ್ಷಕ್ಕೆ 3,930 ಡಾಲರ್. ಒಂದೇ ಅನುದಾನ ಪಡೆದವನಿಗೆ 930 ಡಾಲರ್ ನಷ್ಟ! ಎರಡು ಪಡೆದರೆ 2,070 ಲಾಭ. ಮೂರು ಪಡೆದರೆ 5,070 ಲಾಭ. ಒಂದು ತೊಟ್ಟಿಲಿಗೆ ಕೈ ಕಚ್ಚುವ ಅನುದಾನ ಎರಡನೆಯದಕ್ಕೆ ಕೈ ಹಿಡಿಯುತ್ತದೆ.

ವಾಷಿಂಗ್ಟನ್ ಒಂದೇ ಅಲ್ಲ. ಪಕ್ಕದ ಆರೆಗಾನ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ರಜೆಯ ಹಣ ಸಿಗುತ್ತಿದ್ದು, 25ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಅಲ್ಲೂ 3,000 ಡಾಲರ್‌ವರೆಗೆ ಅನುದಾನವಿದೆ. 2026ರ ಜನವರಿ 1ರಿಂದ ಮಿನ್ನೆಸೋಟವೂ ಸೇರಿಕೊಂಡಿತು. ಅಲ್ಲಿ 30 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವವರಿಗೆ 3,000 ಡಾಲರ್‌ವರೆಗೆ, ಇಡೀ ರಾಜ್ಯಕ್ಕೆ ವರ್ಷಕ್ಕೆ 50 ಲಕ್ಷ ಡಾಲರಿನ ಮಿತಿ. ಪೂರ್ತಿ ಮೊತ್ತವನ್ನೇ ಹಂಚಿದರೆ 1,666 ಅನುದಾನ. ಒಂದೊಂದರಲ್ಲಿ ಒಂದೊಂದು ಬೇಕರಿಯ 180 ಗಂಟೆ ದಾಟುವುದಾದರೆ ಒಟ್ಟು ಸುಮಾರು 3 ಲಕ್ಷ ಗಂಟೆ. ಒಬ್ಬನೇ ಮನುಷ್ಯ ಹಗಲಿರುಳು ಬಿಡದೆ ದುಡಿದರೂ 34 ವರ್ಷ!

ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬನ್ನಿ. ಅಲ್ಲಿ ಸಣ್ಣ ಮಾಲೀಕ ಕೊಟ್ಟ ಹೆರಿಗೆ ವೇತನವನ್ನು ಸರ್ಕಾರ ವಾಪಸು ಕೊಡುತ್ತದೆ. ಎಷ್ಟು? ನೂರಕ್ಕೆ ನೂರಲ್ಲ, ನೂರಕ್ಕೆ 108.5! ಇದು 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರ. ಅದಕ್ಕೂ ಮುಂಚೆ ನೂರಕ್ಕೆ 103 ಇತ್ತು. ದೊಡ್ಡ ಕಂಪನಿಗಾದರೆ ಮರಳುವುದು 92 ಮಾತ್ರ. ಹೆರಿಗೆ ವೇತನ 39 ವಾರ. ಮೊದಲ 6 ವಾರ ಸಂಬಳದ ಶೇ. 90, ಉಳಿದ 33 ವಾರ, 2025–26ರ ದರದಲ್ಲಿ, ವಾರಕ್ಕೆ ಹೆಚ್ಚೆಂದರೆ 187.18 ಪೌಂಡ್. ಸಣ್ಣ ಅಂಗಡಿಯವನು 187.18 ಕೊಟ್ಟು 203.09 ಪಡೆಯುತ್ತಾನೆ. ವಾರಕ್ಕೆ 15.91 ಪೌಂಡ್ ಮಿಕ್ಕುತ್ತದೆ, 33 ವಾರಕ್ಕೆ 525 ಪೌಂಡ್! ತೊಟ್ಟಿಲು ತೂಗಿದ ಮನೆಯ ಜೊತೆಗೆ ಗಲ್ಲಾಪೆಟ್ಟಿಗೆಯನ್ನೂ ಸರ್ಕಾರ ತೂಗಿ ನೋಡಿದ ಹಾಗಾಯಿತು.

ಪೂರ್ವಕ್ಕೆ ಹೋದರೆ ಅಂಕಿಗಳು ಇನ್ನೂ ಬೆರಗು ಹುಟ್ಟಿಸುತ್ತವೆ. ಜಪಾನಿನಲ್ಲಿ 1996ರಲ್ಲಿ ಮಗುವಿಗಾಗಿ ರಜೆ ಹಾಕಿದ ಗಂಡಸರು ಶೇ. 0.12, ಹತ್ತು ಸಾವಿರ ತಂದೆಯರಲ್ಲಿ ಹನ್ನೆರಡು ಮಂದಿ. 2024ರಲ್ಲಿ ಶೇ. 40.5, ಹತ್ತು ಸಾವಿರದಲ್ಲಿ 4,050 ಮಂದಿ. 28 ವರ್ಷಗಳಲ್ಲಿ 337 ಪಟ್ಟು! ಇಷ್ಟು ತಂದೆಯರು ಮನೆಗೆ ಹೋದರೆ ಸಣ್ಣ ಕಾರ್ಖಾನೆಯ ಲೇತ್ ಯಂತ್ರ ತಿರುಗಿಸುವವರು ಯಾರು? 2024ರ ಜನವರಿಯಿಂದ ಅಲ್ಲಿನ ಸರ್ಕಾರ, ರಜೆ ಹೋದವರ ಕೆಲಸ ಹಂಚಿಕೊಂಡ ಸಹೋದ್ಯೋಗಿಗಳಿಗೆ ಭತ್ಯೆ ಕೊಡುವ ಸಣ್ಣ ಸಂಸ್ಥೆಗೆ 12.5 ಲಕ್ಷ ಯೆನ್‌ವರೆಗೆ ಅನುದಾನ ಕೊಡತೊಡಗಿತು. ನಮ್ಮ ಹಣದಲ್ಲಿ ಸುಮಾರು 7 ಲಕ್ಷ. ರಜೆ ಹೋದವನಿಗೆ ಹಣ ಕೊಡುವುದು ಹಲವೆಡೆ ಇದೆ, ಉಳಿದುಕೊಂಡು ಹೊರೆ ಹೊತ್ತವನನ್ನೂ ನೆನೆಯುವ ಈ ಲೆಕ್ಕ ಮೆಚ್ಚಬೇಕಾದ್ದು.

ದಕ್ಷಿಣ ಕೊರಿಯಾ ಇನ್ನೂ ಮುಂದೆ. 2025ರಲ್ಲಿ ಬದಲಿ ಆಳು ಇಟ್ಟ ಸಣ್ಣ ಸಂಸ್ಥೆಗೆ ತಿಂಗಳಿಗೆ 12 ಲಕ್ಷ ವಾನ್‌ವರೆಗೆ, ಅಂದರೆ ಸುಮಾರು 70 ಸಾವಿರ ರೂಪಾಯಿ. ಅಷ್ಟೊಂದು ಏಕೆ? 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಹೆಣ್ಣಿಗೆ 0.72. ನೂರು ಹೆಣ್ಣು ನೂರು ಗಂಡು ಸೇರಿ ಇನ್ನೂರು ಜನಕ್ಕೆ 72 ಮಕ್ಕಳು. ಇದೇ ದರ ಮುಂದುವರಿದರೆ ಮೊಮ್ಮಕ್ಕಳು 26. ಮರಿಮಕ್ಕಳು ಒಂಬತ್ತು! ಇನ್ನೂರು ಜನರ ಮದುವೆ ದಿಬ್ಬಣವೊಂದು ಮೂರು ತಲೆಮಾರಿನಲ್ಲಿ ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಹಿಡಿಸಿಬಿಡುತ್ತದೆ. ಅಂಥ ದೇಶಕ್ಕೆ ಒಂದು ರಜೆಗೆ ತಿಂಗಳಿಗೆ 12 ಲಕ್ಷ ವಾನ್ ದುಬಾರಿಯಲ್ಲ.

ಈಗ ಸಂಸ್ಥೆಗಳ ಎಣಿಕೆ ನೋಡೋಣ. 2024ರ ಲೆಕ್ಕದಂತೆ ಅಮೆರಿಕದಲ್ಲಿ ಸಣ್ಣ ಉದ್ಯಮಗಳು 3 ಕೋಟಿ 48 ಲಕ್ಷ, ಅಲ್ಲಿನ ಎಲ್ಲ ಉದ್ಯಮಗಳಲ್ಲಿ ಶೇ. 99.9. ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ ಊಟ ನಿದ್ದೆ ಬಿಟ್ಟು 402 ದಿನ ಬೇಕು! ದೇಶಕ್ಕೆಲ್ಲ ಅನ್ವಯಿಸುವ ಕುಟುಂಬ ರಜೆ ಕಾಯ್ದೆಗೆ ಬಿಲ್ ಕ್ಲಿಂಟನ್ 1993ರ ಫೆಬ್ರವರಿ 5ರಂದು ಸಹಿ ಹಾಕಿದರು. ಅದು ಕೊಡುವುದು 12 ವಾರ. ಸಂಬಳ ಸೊನ್ನೆ. ಖಾಸಗಿ ಸಂಸ್ಥೆಗಳ ಪೈಕಿ 50 ಅಥವಾ ಹೆಚ್ಚು ನೌಕರರಿರುವವುಗಳಿಗೆ ಮಾತ್ರ ಅದು ಅನ್ವಯ. 12 ವಾರವನ್ನು ಸೊನ್ನೆಯಿಂದ ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟೇ ಹಣ ಆ ಕಾಯ್ದೆಯಿಂದ ಮನೆಗೆ ಬರುತ್ತದೆ! ಅದಕ್ಕೇ ವಾಷಿಂಗ್ಟನ್, ಆರೆಗಾನ್, ಮಿನ್ನೆಸೋಟ ತಂತಮ್ಮ ದಾರಿ ತಾವೇ ಮಾಡಿಕೊಂಡವು.

3 ಕೋಟಿ 48 ಲಕ್ಷಕ್ಕೇ ಬೆರಗಾದಿರಾ? ಭಾರತಕ್ಕೆ ಬನ್ನಿ. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳು 633.88 ಲಕ್ಷ. ಆರು ಕೋಟಿ ಮೂವತ್ತನಾಲ್ಕು ಲಕ್ಷ! ಎಣಿಸಲು ಎರಡು ವರ್ಷ ಪೂರ್ತಿ ಸಾಲದು. ಒಂದೊಂದಕ್ಕೂ ಹತ್ತಡಿಯ ಮಳಿಗೆ ಎಂದು ಹಿಡಿದು ಪಕ್ಕಪಕ್ಕ ಕಟ್ಟುತ್ತ ಹೋದರೆ 1 ಲಕ್ಷ 93 ಸಾವಿರ ಕಿಲೋಮೀಟರ್ ಉದ್ದದ ಪೇಟೆಬೀದಿಯಾಗುತ್ತದೆ. ಭೂಮಿಯನ್ನು ನಾಲ್ಕು ಮುಕ್ಕಾಲು ಸುತ್ತು ಸುತ್ತಬಲ್ಲ ಬೀದಿ! ಕರ್ನಾಟಕದ 38.34 ಲಕ್ಷ ಉದ್ಯಮಗಳ ಸಾಲೇ ಸುಮಾರು 11,700 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಎಂಟು ಸಲ ಹೋಗಿಬಂದರೂ ಬೀದಿ ಮುಗಿಯುವುದಿಲ್ಲ. ದೇಶದ ಈ ಎಲ್ಲ ಉದ್ಯಮಗಳಲ್ಲಿ ದುಡಿಯುವವರು 11 ಕೋಟಿ 10 ಲಕ್ಷ, 2011ರ ಜನಗಣತಿಯ ಕರ್ನಾಟಕದ 6.11 ಕೋಟಿಯ ಹತ್ತಿರ ಹತ್ತಿರ ಎರಡು ಪಟ್ಟು. ಆದರೂ ಸರಾಸರಿ ನೋಡಿದರೆ ಒಂದು ಉದ್ಯಮಕ್ಕೆ 1.75 ಜನ. ಇಬ್ಬರೂ ಇಲ್ಲ!

ಆ 11 ಕೋಟಿ 10 ಲಕ್ಷದಲ್ಲಿ ಹೆಂಗಸರು 2 ಕೋಟಿ 65 ಲಕ್ಷ. ಒಬ್ಬೊಬ್ಬರಿಗೂ ಒಂದೂವರೆ ಮೀಟರ್ ಜಾಗ ಕೊಟ್ಟು ಕೈಕೈ ಹಿಡಿಸಿ ನಿಲ್ಲಿಸಿದರೆ 39,700 ಕಿಲೋಮೀಟರ್. ಭೂಮಧ್ಯರೇಖೆಯನ್ನು ಬಹುತೇಕ ಬಳಸಿಬರುವ ಹೆಣ್ಣುಮಕ್ಕಳ ಸಾಲು! ಹೆರಿಗೆ ರಜೆ 1961ರ ಕಾಯ್ದೆಯಲ್ಲಿ 12 ವಾರ ಇದ್ದದ್ದು 2017ರಲ್ಲಿ 26 ವಾರವಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 26 ವಾರ ಉಳಿದಿದೆ. ವಾಷಿಂಗ್ಟನ್‌ನ 12 ವಾರದ ಎರಡು ಪಟ್ಟಿಗೂ ಹೆಚ್ಚು. ಹೆಮ್ಮೆಪಡಬೇಕಾದ ಅಂಕಿ.

ಆದರೆ ದುಡ್ಡು ಯಾರದು? ಇಲ್ಲಿ ಒಂದೇ ಒಂದು ರೂಪಾಯಿ ಮಾಡುವ ಅನಾಹುತ ನೋಡಿ. 10 ಜನರ ಒಂದು ಸಂಸ್ಥೆಗೆ ಹೊಸದಾಗಿ ಸೇರಿದ ಹೆಣ್ಣುಮಗಳ ಸಂಬಳ 21,000 ರೂಪಾಯಿ. ಅವಳಿಗೆ ಇಎಸ್‌ಐ ಎಂಬ ನೌಕರರ ವಿಮೆ ಇದೆ. ಮಾಲೀಕನ ವಂತಿಗೆ ಶೇ. 3.25, ತಿಂಗಳಿಗೆ 682 ರೂಪಾಯಿ 50 ಪೈಸೆ. ಅವಳದು ಶೇ. 0.75, 157 ರೂಪಾಯಿ 50 ಪೈಸೆ. ಅರ್ಹತೆಯ ದಿನಗಳು ತುಂಬಿದ್ದರೆ ಅವಳ 26 ವಾರದ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಸಂಬಳ 21,001 ಆಗಿದ್ದರೆ? ಇಎಸ್‌ಐ ಇಲ್ಲ, 26 ವಾರದ ಸಂಬಳ ಪೂರ್ತಿ ಮಾಲೀಕನದು. ದಿನಕ್ಕೆ 700 ರೂಪಾಯಿಯಂತೆ 182 ದಿನಕ್ಕೆ 1,27,400! ಒಂದು ರೂಪಾಯಿ ಹೆಚ್ಚು ಸಂಬಳ, ಒಂದು ಲಕ್ಷ ಇಪ್ಪತ್ತೇಳು ಸಾವಿರದ ಹೊರೆ. 682 ರೂಪಾಯಿ 50 ಪೈಸೆಯ ಕಂತಿನಲ್ಲಿ ಈ ಮೊತ್ತ ಕಟ್ಟಲು ಹೊರಟರೆ ಹದಿನೈದೂವರೆ ವರ್ಷ ಬೇಕು. ಹತ್ತೂ ಜನರಿಗೆ ಇದೇ ಸಂಬಳವಿದ್ದರೆ ಒಂದು ತಿಂಗಳ ಒಟ್ಟು ಸಂಬಳದ ಶೇ. 60 ಒಂದೇ ರಜೆಗೆ ಹೋಯಿತು. ವಾಷಿಂಗ್ಟನ್‌ನ 3,000 ಡಾಲರಿನ ಒಂದು ಅನುದಾನ 2 ಲಕ್ಷ 55 ಸಾವಿರ ರೂಪಾಯಿ. ಇಂಥ ಎರಡು ರಜೆಗಳು ಅದರಲ್ಲಿ ಪೂರ್ತಿ ತೀರಿಹೋಗುತ್ತವೆ!

ಇನ್ನೂ ಎತ್ತರಕ್ಕೆ ಏರೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13 ಕೋಟಿ 20 ಲಕ್ಷ ಮಕ್ಕಳು ಹುಟ್ಟುತ್ತಾರೆ, ನಿಮಿಷಕ್ಕೆ 250. ಅದರಲ್ಲಿ ಸುಮಾರು 44 ಭಾರತದಲ್ಲಿ. ನೀವು ಇದನ್ನು ಹತ್ತು ನಿಮಿಷದಲ್ಲಿ ಓದಿ ಮುಗಿಸುವಷ್ಟರಲ್ಲಿ 2,500 ತೊಟ್ಟಿಲು ತುಂಬಿರುತ್ತವೆ! ತಾಯ್ತನಕ್ಕೆ ತಕ್ಕ ರಕ್ಷಣೆ ಇಲ್ಲದ ಹೆಂಗಸರು ಜಗತ್ತಿನಲ್ಲಿ 64 ಕೋಟಿ 90 ಲಕ್ಷ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಭಾರತದ ಎಲ್ಲ ಹೆಣ್ಣುಮಕ್ಕಳನ್ನು, ತೊಟ್ಟಿಲಲ್ಲಿರುವವರಿಂದ ಮುದುಕಿಯರವರೆಗೆ, ಒಂದೆಡೆ ಸೇರಿಸಿದರೆ ಎಷ್ಟಾಗುತ್ತದೋ ಹತ್ತಿರ ಹತ್ತಿರ ಅಷ್ಟು! ಹೆರಿಗೆ ರಜೆಯ ಹಣ ಸರ್ಕಾರದ ಬೊಕ್ಕಸದಿಂದಲೋ ವಿಮೆಯಿಂದಲೋ ಬರಬೇಕು ಎಂದು ಅದೇ ಸಂಸ್ಥೆ ಹೇಳಿದ್ದು 1919ರಲ್ಲಿ. ನೂರು ವರ್ಷ ದಾಟಿತು.

ಇಷ್ಟು ದೊಡ್ಡ ಅಂಕಿಗಳ ನಡುವೆ ನನ್ನನ್ನು ಎಲ್ಲಕ್ಕಿಂತ ಬೆಚ್ಚಿಬೀಳಿಸಿದ್ದು ಒಂದು ಚಿಕ್ಕ ಅಂಕಿ. 2018ರ ನವೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಒಂದು ಪ್ರಸ್ತಾವ ಮುಂದಿಟ್ಟಿತು. 15,000 ರೂಪಾಯಿವರೆಗೆ ಸಂಬಳವಿರುವ ಹೆಣ್ಣುಮಕ್ಕಳಿಗೆ 26 ವಾರ ರಜೆ ಕೊಟ್ಟ ಮಾಲೀಕರಿಗೆ 7 ವಾರದ ಸಂಬಳವನ್ನು ಸರ್ಕಾರ ಮರಳಿಸುವುದು. ಒಬ್ಬ ತಾಯಿಗೆ ಹೆಚ್ಚೆಂದರೆ 24,500 ರೂಪಾಯಿ. ಅಂದಾಜು ಖರ್ಚು 400 ಕೋಟಿ. ಗರಿಷ್ಠ ಮೊತ್ತವನ್ನೇ ಕೊಟ್ಟರೂ 1 ಲಕ್ಷ 63 ಸಾವಿರ ಹೆರಿಗೆ ರಜೆಗಳಿಗೆ ಆಸರೆ!

400 ಕೋಟಿ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆ ವರ್ಷದ ಕೇಂದ್ರ ಬಜೆಟ್ 24 ಲಕ್ಷ 42 ಸಾವಿರ ಕೋಟಿ. ನಿಮಿಷಕ್ಕೆ 4 ಕೋಟಿ 65 ಲಕ್ಷ ಖರ್ಚು. ಆ ವೇಗದಲ್ಲಿ 400 ಕೋಟಿ ಮುಗಿಯಲು ಹಿಡಿಯುವುದು 86 ನಿಮಿಷ! ವರ್ಷದ 5,25,600 ನಿಮಿಷಗಳಲ್ಲಿ ಬರೀ 86. ಪ್ರಜೆಗಳ ಲೆಕ್ಕಕ್ಕೆ ಹಂಚಿದರೆ ತಲೆಗೆ ಮೂರು ರೂಪಾಯಿಗೂ ಕಡಿಮೆ. ದರ್ಶಿನಿಯಲ್ಲಿ ಬೈಟೂ ಕಾಫಿಯ ಒಂದು ಲೋಟಕ್ಕೂ ಸಾಲದ ಹಣ.

ಬಜೆಟ್ ಅನುಮೋದನೆ ಇನ್ನೂ ಸಿಗಬೇಕಿದೆ ಎಂದು ಆಗಲೇ ಸಚಿವಾಲಯ ತಿಳಿಸಿತ್ತು. ಆ 7 ವಾರದ ಹಣ ಸಣ್ಣ ಮಾಲೀಕರ ಕೈ ಸೇರಲಿಲ್ಲ. ಪೂರ್ತಿ ಹೊರೆಯನ್ನು 10 ಜನರ ಸಂಸ್ಥೆಯ ಮೇಲೆ ಹೊರಿಸಿ, ಅದರ ಮಾಲೀಕ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದಾಗ ಬೈದು ಫಲವಿಲ್ಲ. ಮಗು ಇಡೀ ಸಮಾಜದ್ದು ಎನ್ನುವವರು ಅದರ ರಜೆಯ ಖರ್ಚನ್ನೂ ಇಡೀ ಸಮಾಜಕ್ಕೆ ಹಂಚಬೇಕು. ಹಂಚಿದರೆ ಅದು ಎಷ್ಟು ಚಿಕ್ಕದು ಎಂಬುದಕ್ಕೆ ಲೆಕ್ಕ ನಿಮ್ಮ ಮುಂದಿದೆ. ತಲೆಗೆ ಮೂರು ರೂಪಾಯಿ, 86 ನಿಮಿಷ. ಮುಂದಿನ ಬಜೆಟ್ಟಿನಲ್ಲಿ ಈ 86 ನಿಮಿಷವನ್ನು ಕೇಳಿ ಪಡೆಯುವುದು ನಮ್ಮ ಸಂಸದರ ಕೆಲಸ, ಅವರಿಗೆ ಅದನ್ನು ನೆನಪಿಸುವುದು ನಮ್ಮ ಕೆಲಸ.